ಎಡಕ್ಕೆ ಎಳೆಯುವ ಕೋಟು

ಹರಿಯಾಣ
9 ಡಿಸೆಂಬರ್ 2024

ಪ್ರೀತಿಯ ಕವಿತಾ ಅತ್ತಿಗೆಗೆ,

ಸುಖವಾಗಿ ಬಂದು ಸೇರಿದೆ. ನೀವು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ನನಗಿಂತ ಎದುರು ಸೀಟಿನ ಮುದುಕಿಗೇ ಹೆಚ್ಚು ಸಂದವು. ಮಾತಾಡಿಕೊಂಡ ಹಾಗೆ ಈ ಕಾಗದವನ್ನು ಹಿಟ್ನಾಳದ ನಿಮ್ಮ ಅಂಗನವಾಡಿಗೇ ಹಾಕುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ಯಂಕೇಶಣ್ಣ ಸ್ಪೀಕರ್ ಹಾಕಿ ಇಡೀ ಗಿಣಿಗೇರಾಕ್ಕೆ ಕೇಳಿಸುತ್ತಾನೆ. ಸ್ವಂತ ಹೆಂಡತಿಯ ಫೋನು ಅಂತಾದರೂ ಬಿಡಬಾರದೇ ನಮ್ಮಣ್ಣ?

ಅವನಿಗೂ ಅವ್ವನಿಗೂ ಗೊತ್ತಿರುವುದು ಇಷ್ಟೇ, ಸುರೇಖಾ ಪ್ಯಾರಾಶೂಟ್ ಮಡಿಚುವ ನೌಕರಿಯಲ್ಲಿದ್ದಾಳೆ. ಅದು ಸುಳ್ಳಲ್ಲ. ಮಡಿಚಿದ್ದನ್ನು ಬೆನ್ನಿಗೆ ಕಟ್ಟಿಕೊಂಡು ನಾನೇ ವಿಮಾನದಿಂದ ಜಿಗಿಯುತ್ತೇನೆ ಎಂಬುದು ಮಾತ್ರ ನಿಮ್ಮೊಬ್ಬರಿಗೆ ಗೊತ್ತು. ಕೊಪ್ಪಳದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ ಹಿಡಿದ ಹುಚ್ಚು, ಇನ್ನೂ ಇಳಿದಿಲ್ಲ.

ಈಗ ಅದರ ಮೇಲೊಂದು ಹುಚ್ಚು. ರಜೆಗೆ ಬಂದಾಗ ತಂದಿದ್ದೆನಲ್ಲ, ಇಲ್ಲಿ ಕಲಿಯಲು ಕೊಟ್ಟ ಕರಿ ಬಟ್ಟೆಯ ಉಡುಪು, ಅದಕ್ಕೆ ವಿಂಗ್‌ಸೂಟ್ ಅನ್ನುತ್ತಾರೆ. ಇನ್ನೂರು ಜಿಗಿತ ಮುಗಿಸಿದವರಿಗಷ್ಟೇ ಕಲಿಸುವುದು. ತೋಳಿಗೂ ಸೊಂಟಕ್ಕೂ ನಡುವೆ ಬಟ್ಟೆ, ಎರಡು ಕಾಲಿನ ನಡುವೆ ಬಟ್ಟೆ. ಎರಡು ಪದರದ ಆ ಬಟ್ಟೆಯೊಳಗೆ ಗಾಳಿ ತುಂಬಿ ಉಬ್ಬಿದಾಗ ಅದು ರೆಕ್ಕೆಯಾಗುತ್ತದೆ. ಕಲ್ಲಿನಂತೆ ಕೆಳಗೆ ಬೀಳುವ ಬದಲು ಮುಂದಕ್ಕೆ ತೇಲಿಕೊಂಡು ಹೋಗಬಹುದು. ಕೊನೆಗೆ ಎಂದಿನಂತೆ ಪ್ಯಾರಾಶೂಟ್ ಬಿಚ್ಚಿ ಇಳಿಯುವುದು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಂಚದ ಮೇಲೆ ಬೋರಲು ಮಲಗಿ ಕೈಕಾಲು ಚಾಚಿ ಅಭ್ಯಾಸ ಮಾಡುತ್ತಿದ್ದೆ. ಅವ್ವ ಒಮ್ಮೆ ಒಳಗೆ ಬಂದು "ಏನಬೇ ಇದು?" ಅಂದಳು. "ಚಳಿ ಕೋಟು, ಅಲ್ಲಿ ಭಾಳ ಥಂಡಿ ಇರ್ತೈತಿ" ಅಂದುಬಿಟ್ಟೆ. ಅಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಮೊದಲ ಹಾರಾಟವಾಯಿತು. ನಮ್ಮ ಗುರು ಲಾಂಬಾ ಸರ್ ಪಕ್ಕದಲ್ಲೇ ಹಾರುತ್ತಿದ್ದರು. ವಿಮಾನದ ಬಾಲ ದಾಟಿದ ಮೇಲೆ ರೆಕ್ಕೆ ಬಿಚ್ಚಿದೆ. ಅತ್ತಿಗೆ, ಆ ಒಂದು ಗಳಿಗೆ ಏನು ಹೇಳಲಿ, ಸಂತೋಷಕ್ಕೆ ಅಳು ಬಂತು. ಆಮೇಲೆ ನೋಡಿದರೆ ನಾನು ಎಡಕ್ಕೆ ತಿರುಗುತ್ತಿದ್ದೇನೆ. ನೇರ ಹೋಗಬೇಕೆಂದರೂ ಎಡಕ್ಕೆ. "ಮೊದಲ ಸಲ, ಆಗುತ್ತೆ" ಎಂದರು ಸರ್. ಈ ಕೋರ್ಸು ಪಾಸಾದರೆ ಅವರ ತಂಡದಲ್ಲಿ ನನ್ನನ್ನು ಹಾರುವವಳಾಗಿ ತೆಗೆದುಕೊಳ್ಳುತ್ತಾರೆ. ನನಗೆ ಬೇಕಾಗಿರುವುದು ಅದೊಂದೇ.

ನಿಮ್ಮ ನಾದಿನಿ,
ಸುರೇಖಾ


ಹಿಟ್ನಾಳ
19 ಡಿಸೆಂಬರ್ 2024

ಆಕಾಶದ ನಾದಿನಿಗೆ ನೆಲದ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದವನ್ನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಲೇ ಓದಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಗಾಳಿ ತುಂಬಿಕೊಳ್ಳುತ್ತದೆ ಎಂದೆಯಲ್ಲ, ಜಾತ್ರೆಯ ಬಲೂನಿನ ಹಾಗೆ ಮೊದಲೇ ತುಂಬಿ ಕಟ್ಟಿಕೊಂಡು ಹೋಗುತ್ತೀರೋ? ಸೋರಿ ಹೋದರೆ ಏನು ಗತಿ? ಇದನ್ನು ತಪ್ಪದೆ ಬರೆ, ನನಗೆ ನಿದ್ದೆ ಹತ್ತುವುದಿಲ್ಲ.

ಎಡಕ್ಕೆ ಯಾಕೆ ತಿರುಗುತ್ತೀ ಎನ್ನುವುದು ಮಾತ್ರ ನನಗೆ ಗೊತ್ತು. ಮನಸ್ಸು ಎತ್ತ ಇರುತ್ತದೋ ಮೈ ಅತ್ತ ವಾಲುತ್ತದೆ. ಆ ಲಾಂಬಾ ಸರ್ ಎಡಗಡೆ ಹಾರುತ್ತಾರೋ ಬಲಗಡೆಯೋ? ಎಡಗಡೆ ಎಂದಾದರೆ ನಾನು ನಿಮ್ಮಣ್ಣನ ಕಿವಿಗೆ ಒಂದು ಮಾತು ಹಾಕಬೇಕಾಗುತ್ತದೆ. ಸಿಟ್ಟಾಗಬೇಡ, ತಮಾಷೆ.

ಅತ್ತೆಯವರಿಗೆ ಕುಷ್ಟಗಿಯಿಂದ ಮೂರು ಕೌದಿ ಹೊಲಿಯಲು ಬಂದಿವೆ. ಹೊದಿಕೆಗೆ ಪದರ ಪದರವಾಗಿ ಜೋಡಿಸಲು ಅಂಗಳದ ತುಂಬ ಹಳೆ ಸೀರೆ. ಇಡೀ ಓಣಿಯ ಹೆಂಗಸರು ಬಂದು ಕೂತು "ಈ ಸೀರಿ ನಂದು, ಆ ಸೀರಿ ನಿಂದು" ಎಂದು ಹರಟುತ್ತಾರೆ. ಅತ್ತೆ ಮಾತ್ರ ತಲೆ ಎತ್ತದೆ ಹೊಲಿಯುತ್ತಾರೆ. ನಿನ್ನೆ ಇದ್ದಕ್ಕಿದ್ದಂತೆ "ಸುರೇಖಾಗ ಕೋಟು ಬೆಚ್ಚಗ ಆಗಾಕತ್ತೈತೇನು, ಕೇಳು" ಎಂದರು. ಬೆಚ್ಚಗಿದೆಯಂತೆ ಎಂದು ಹೇಳಿಬಿಟ್ಟೆ. ನಿನ್ನ ಸಹವಾಸದಿಂದ ನನಗೂ ಸುಳ್ಳಿನ ರೂಢಿಯಾಗುತ್ತಿದೆ.

ಕವಿತಾ


ಹರಿಯಾಣ
29 ಡಿಸೆಂಬರ್ 2024

ಅತ್ತಿಗೆ,

ನಿಮ್ಮ ತಮಾಷೆಗೆ ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಲಾಂಬಾ ಸರ್ ಬಲಗಡೆ ಹಾರುತ್ತಾರೆ, ಅವರಿಗೆ ನನ್ನಷ್ಟು ದೊಡ್ಡ ಮಗಳಿದ್ದಾಳೆ.

ಎರಡನೆಯ ಹಾರಾಟವೂ ಎಡಕ್ಕೆ. ಮೂರನೆಯದೂ ಎಡಕ್ಕೆ. ಸರ್ ವಿಡಿಯೊ ನೋಡಿ ಎಡ ಭುಜ ಇಳಿಸುತ್ತೀ ಎಂದರು. ಎತ್ತಿದೆ. ಮತ್ತೆ ನೋಡಿ ಗದ್ದ ಎಡಕ್ಕೆ ಹೊರಳಿದೆ ಎಂದರು. ನೆಟ್ಟಗೆ ಮಾಡಿಕೊಂಡೆ. ಆಮೇಲೆ ಬಲ ಮಂಡಿ ಮಡಚುತ್ತೀ ಎಂದರು. ಎರಡು ಬೆಂಚಿನ ಮೇಲೆ ಬೋರಲು ಮಲಗಿಸಿ, ಕನ್ನಡಿ ಇಟ್ಟು ತೋರಿಸಿದರು. ಬೆಂಚಿನ ಮೇಲೆ ನಾನು ಗೆರೆ ಎಳೆದಷ್ಟು ನೆಟ್ಟಗೆ. ಮೇಲೆ ಹೋದರೆ ಯಾರೋ ಎಡ ತೋಳು ಹಿಡಿದು ಎಳೆದಂತೆ ಆಗುತ್ತದೆ. "ನಿನ್ನ ಎಡ ರೆಕ್ಕೆ ಪಟಪಟ ಬಡಿದುಕೊಳ್ಳುತ್ತೆ. ಕೈ ಸಡಿಲ ಬಿಡಬೇಡ, ಬಿಗಿಯಾಗಿ ಚಾಚು" ಎನ್ನುತ್ತಾರೆ. ನಾನು ಚಾಚಿಯೇ ಇರುತ್ತೇನೆ ಅತ್ತಿಗೆ! ಇಳಿದ ಮೇಲೆ ತೋಳು ನೋವಿಗೆ ತಟ್ಟೆ ಹಿಡಿಯಲಾಗುವುದಿಲ್ಲ.

ಈಗ ಬಲಗಡೆಗೆ ಸ್ವಲ್ಪ ವಾಲಿಕೊಂಡೇ ಹಾರುತ್ತೇನೆ, ಆಗ ಒಂದಿಷ್ಟು ನೇರ ಹೋಗುತ್ತೇನೆ. ಅದು ಸರಿಯೋ ತಪ್ಪೋ ತಿಳಿಯದು. ಹೆದರಿಕೆ ಇದೆಯಾ ಎಂದು ಸರ್ ಕೇಳಿದರು. ಇಲ್ಲ ಎಂದೆ. ಮೊದಲು ಇರಲಿಲ್ಲ, ಅವರು ಕೇಳಿದ ಮೇಲೆ ಇದೆಯೇನೋ ಅನ್ನಿಸತೊಡಗಿದೆ. ನನ್ನ ಮೈ ನನ್ನ ಮಾತು ಕೇಳದಿದ್ದರೆ ಯಾರನ್ನು ಬಯ್ಯಲಿ?

ಮಂಜು ಕವಿದು ವಿಮಾನ ಮೇಲೇರುತ್ತಿಲ್ಲ. ಮಂಜು ಸರಿದ ಮೇಲೆ ಒಂದೇ ಒಂದು ಅವಕಾಶ ಎಂದಿದ್ದಾರೆ. ಆಗಲೂ ತಿರುಗಿದರೆ ಕೋರ್ಸಿನಿಂದ ಹೊರಗೆ. ಅವರು ಕೆಟ್ಟವರಲ್ಲ. ತಿರುಗುವುದು ಜೋರಾದರೆ ಬುಗುರಿಯಾಗಿಬಿಡುತ್ತೇವೆ, ಹಾಗೆ ಸತ್ತವರಿದ್ದಾರೆ. ಇದನ್ನು ನಿಮಗೆ ಬರೆಯಬಾರದಿತ್ತು.

ಸುರೇಖಾ


ಹಿಟ್ನಾಳ
8 ಜನವರಿ 2025

ಸುರೇಖಾ,

ಸತ್ತವರಿದ್ದಾರೆ ಎಂದು ಬರೆದು ಕೆಳಗೆ ನಿನ್ನ ಹೆಸರು ಹಾಕಿ ಮುಗಿಸುತ್ತೀಯಲ್ಲ, ನಿನಗೆ ಬುದ್ಧಿ ಇದೆಯೇ? ಸಾರಿಗೆ ಎರಡು ಸಲ ಉಪ್ಪು ಹಾಕಿ ನಿಮ್ಮಣ್ಣನಿಂದ ಬೈಸಿಕೊಂಡೆ. ಬಿಟ್ಟುಬಿಡು ಎಂದು ಹೇಳಬೇಕು ಅನ್ನಿಸುತ್ತದೆ. ಮೊದಲ ಕಾಗದದಲ್ಲಿ ಸಂತೋಷಕ್ಕೆ ಅಳು ಬಂತು ಎಂದಿದ್ದೀಯಲ್ಲ, ಅದು ನೆನಪಾಗಿ ಬಾಯಿ ಕಟ್ಟುತ್ತದೆ. ಸುಮ್ಮನೆ ಮನೆಯ ಸುದ್ದಿ ಬರೆಯುತ್ತೇನೆ, ನಿನ್ನ ತಲೆಯೂ ಹಗುರಾಗಲಿ.

ಮೂರು ಕೌದಿಯೂ ಮುಗಿದವು. ಕೊನೆಯದರ ಬಾಯಿ ಹೊಲಿಯುವ ಶಾಸ್ತ್ರಕ್ಕೆ ನಾನೂ ಕೂತಿದ್ದೆ. ಗೊತ್ತಲ್ಲ ನಿಮ್ಮವ್ವನ ಪದ್ಧತಿ, ಒಂದು ಮೂಲೆ ಬಿಟ್ಟಿರುತ್ತಾರೆ, ಅದರೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚಿದರೇ ಕೌದಿ ಮುಗಿದಂತೆ. ಬರಿ ಹೊಟ್ಟೆಯಲ್ಲಿ ಯಾವ ಕೌದಿಯನ್ನೂ ಮನೆಯಿಂದ ಕಳಿಸುವುದಿಲ್ಲ. ಬಾಯಿ ಮುಚ್ಚುತ್ತಾ ನಗುತ್ತಾ ಹೇಳಿದರು: "ಸುರೇಖಾನ ಕೋಟಿಗೂ ಹಿಂಗ ಮಾಡೀನಿ. ಎರಡು ಪದರ ಹೊಲಿದು, ತೋಳಿನ ಮುಂದ ಬಾಯಿ ಹಂಗ ಬಿಟ್ಟಾರ. ಯಾವನೋ ಅರ್ಧಾ ಹೊಲಿದು ಎದ್ದು ಹೋಗ್ಯಾನ. ಅದರಾಗ ಥಂಡಿ ಗಾಳಿ ಹೋಗೂದಿಲ್ಲೇನು? ಆಕಿ ಜಳಕಕ್ಕ ಹೋದಾಗ ಎಡಗಡೇದು ಹೊಲಿದೆ, ಖಡಕ್ ರೊಟ್ಟಿ ಚೂರೂ ಇಟ್ಟೀನಿ. ಬಲಗಡೇದು ಹೊಲೀಬೇಕನ್ನೂದ್ರಾಗ ಜಳಕಾ ಮುಗಿಸಿ ಬಂದ್ಲು."

ನಿನಗೆ ಗೊತ್ತಾದರೆ ಬಯ್ಯುತ್ತೀ ಎಂದು ಹೇಳಿಲ್ಲವಂತೆ. ಬಯ್ಯಬೇಡ ಮಾರಾಯ್ತಿ, ಪ್ರೀತಿಗೆ ಮಾಡಿದ್ದು. ನನ್ನ ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ನೀನು ನನ್ನ ಬಲೂನಿನ ಪ್ರಶ್ನೆಗೆ ಉತ್ತರ ಬರೆಯಲೇ ಇಲ್ಲ, ಆದರೂ ಒಂದು ಕಡೆಯಾದರೂ ಗಾಳಿ ಸೋರದಂತಾಯಿತು. ಇನ್ನೊಂದು ಕಡೆಯದನ್ನು ನೀನೇ ಹೊಲಿದುಕೋ. ಬಹುಶಃ ಎಲ್ಲ ಸರಿಯಾಗುತ್ತದೆ.

ಕವಿತಾ


ಹರಿಯಾಣ
13 ಜನವರಿ 2025

ಅತ್ತಿಗೆ,

ನಿಮ್ಮಿಂದ ಕಾಗದ ಬಂದಿಲ್ಲ. ನನ್ನ ಹಿಂದಿನ ಕಾಗದಕ್ಕೆ ಸಿಟ್ಟಾಗಿರಬೇಕು.

ನಿನ್ನೆ ಮಂಜು ಸರಿಯಿತು. ಹಾರಿದೆ. ಬಲಕ್ಕೆ ವಾಲಿಕೊಂಡೇ ರೆಕ್ಕೆ ಬಿಚ್ಚಿದೆ, ಸ್ವಲ್ಪ ಹೊತ್ತು ನೇರ ಹೋದೆ. ಗೆದ್ದೆ ಅಂದುಕೊಂಡೆ. ವೇಗ ಹೆಚ್ಚಿಸು ಎಂದು ಸರ್ ಸನ್ನೆ ಮಾಡಿದರು, ತಲೆ ಇಳಿಸಿದೆ. ಅಷ್ಟೇ. ಎಡ ತೋಳು ಕುಸಿಯಿತು, ನಾನು ಬುಗುರಿಯಾದೆ. ಹೊಲ, ಆಕಾಶ, ಹೊಲ, ಆಕಾಶ. ಕಣ್ಣೊಳಗೆ ರಕ್ತ ನುಗ್ಗಿದ ಹಾಗಾಗಿ ಎಲ್ಲ ಕೆಂಪು. ಕೈಕಾಲು ಮುಚ್ಚಬೇಕು ಎಂದು ಕಲಿಸಿದ್ದರು. ಮುಚ್ಚಿದೆ, ಎದೆ ಬಾಗಿಸಿದೆ. ಹೇಗೋ ನಿಂತಿತು. ಪ್ಯಾರಾಶೂಟ್ ಎಳೆದರೆ ಅದರ ಹಗ್ಗಗಳೂ ತಿರುಚಿಕೊಂಡೇ ಬಿಚ್ಚಿದವು. ಕಾಲು ಒದೆದು ಒದೆದು ಬಿಡಿಸಿಕೊಂಡೆ. ನಾನೇ ಮಡಿಚಿದ ಪ್ಯಾರಾಶೂಟ್, ಅದು ಮಾತ್ರ ಕೈ ಬಿಡಲಿಲ್ಲ. ಯಾರದೋ ಸಾಸಿವೆ ಹೊಲದಲ್ಲಿ ಬಿದ್ದು ಬಹಳ ಹೊತ್ತು ಏಳಲಿಲ್ಲ.

ಸರ್ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಎಲ್ಲರಿಗೂ ಇದು ಒಗ್ಗಲ್ಲ ಸುರೇಖಾ" ಎಂದರು. ಇಷ್ಟು ವರ್ಷ ನನಗೆ ಒಗ್ಗುವುದು ಇದೊಂದೇ ಎಂದುಕೊಂಡಿದ್ದೆ. ಈಗ ನಾನು ಯಾರೆಂದೇ ತಿಳಿಯುತ್ತಿಲ್ಲ. ಸೂಟನ್ನು ತೊಳೆದು ವಾಪಸು ಕೊಟ್ಟು ಊರಿಗೆ ಬರುತ್ತೇನೆ. ಅವ್ವನಿಗೆ ಏನಾದರೊಂದು ಹೇಳೋಣ.

ಸುರೇಖಾ


ಹರಿಯಾಣ
20 ಜನವರಿ 2025

ಅತ್ತಿಗೆ,

ಎಂಟನೇ ತಾರೀಖಿನ ನಿಮ್ಮ ಕಾಗದ ಇವತ್ತು ಬಂತು. ಸೂಟು ತೊಳೆಯಲು ಬಕೆಟ್ಟಿಗೆ ನೀರು ಬಿಟ್ಟು ಓದುತ್ತಿದ್ದೆ. ನೀರು ತುಂಬಿ ಹರಿದು ಹೋಯಿತು.

ಆ ಬಾಯಿ ಯಾರೋ ಅರ್ಧ ಬಿಟ್ಟದ್ದಲ್ಲ ಅತ್ತಿಗೆ. ಮೊದಲೇ ಗಾಳಿ ತುಂಬಿಕೊಂಡು ಹೋಗುವುದಿಲ್ಲ. ಹಾರುವಾಗ ಆ ಬಾಯಿಂದಲೇ ಗಾಳಿ ಒಳಗೆ ಹೋಗಿ ರೆಕ್ಕೆ ಉಬ್ಬಬೇಕು. ನಾನು ಒಂದೇ ರೆಕ್ಕೆಯಲ್ಲಿ ಹಾರುತ್ತಿದ್ದೆ. ನಿಮ್ಮ ಪ್ರಶ್ನೆಗೆ ನಾನು ಎರಡು ಸಾಲು ಉತ್ತರ ಬರೆದಿದ್ದರೆ ನಿಮಗೇ ಹೊಳೆಯುತ್ತಿತ್ತು.

ಹೊಲಿಗೆ ಹುಡುಕಿದೆ. ಮಡಿಕೆಯೊಳಗೆ, ಕರಿ ಬಟ್ಟೆಗೆ ಕರಿ ದಾರ, ಒತ್ತೊತ್ತಾಗಿ ಅವ್ವನ ಸಣ್ಣ ಹೊಲಿಗೆ. ಬ್ಲೇಡಿನಿಂದ ಬಿಡಿಸಿದೆ. ರೊಟ್ಟಿ ಪುಡಿಯಾಗಿತ್ತು, ಒಂದು ಚೂರು ಉಳಿದಿತ್ತು. ಅದನ್ನು ಬಾಯಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ. ನಕ್ಕೆ, ಆಮೇಲೆ ಅಳುತ್ತಾ ಕೂತೆ. ಅವ್ವನ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಎಲ್ಲ ಹೇಳಿಬಿಡೋಣವೆಂದು ಫೋನ್ ಹಚ್ಚಿದೆ. ಅವ್ವನೇ ಎತ್ತಿ "ಉಂಡೀಯೇನವಾ?" ಅಂದಳು. ಉಂಡೆ ಅಂದೆ. ಇಟ್ಟುಬಿಟ್ಟೆ.

ಲಾಂಬಾ ಸರ್‌ಗೆ ಹೇಳಿದರೆ ದೋಷ ನನ್ನ ಮೈಯದ್ದಲ್ಲ ಎಂದು ತಿಳಿಯುತ್ತದೆ. ಜೊತೆಗೆ ಇನ್ನೊಂದೂ ತಿಳಿಯುತ್ತದೆ. ಬೇರೆಯವರ ಪ್ಯಾರಾಶೂಟಿನ ದಾರ ದಾರ ತಡವಿ ನೋಡುವವಳು ತನ್ನ ತೋಳನ್ನೇ ನೋಡಿಕೊಂಡಿಲ್ಲ. ಮನೆಯಿಂದ ಬಂದ ಬಟ್ಟೆಯನ್ನು ಅನುಮಾನಿಸಬೇಕೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಕೈಗೆ ಇನ್ನು ಯಾರ ಪ್ಯಾರಾಶೂಟ್ ಕೊಡುತ್ತಾರೆ? ಸುಮ್ಮನಿದ್ದರೆ ಹಾರುವುದು ಹೋಗುತ್ತದೆ, ಹೇಳಿದರೆ ಇದ್ದ ನೌಕರಿಯೂ ಹೋಗಬಹುದು. ಏನು ಮಾಡಲಿ? ಅವ್ವನಿಗೆ ಮಾತ್ರ ಏನೂ ಹೇಳಬೇಡಿ.

ಸುರೇಖಾ


ಹಿಟ್ನಾಳ
30 ಜನವರಿ 2025

ಸುರೇಖಾ,

ನಿನ್ನ ಎರಡು ಕಾಗದಗಳನ್ನೂ ಪೋಸ್ಟ್‌ಮನ್ ಒಂದೇ ದಿನ ತಂದ. ನನ್ನ ದುರ್ಬುದ್ಧಿಗೆ ಹೊಸ ತಾರೀಖಿನದನ್ನೇ ಮೊದಲು ಒಡೆದೆ. ನಂತರ ಸಾಸಿವೆ ಹೊಲದ್ದನ್ನು ಓದಿದೆ. ಮಕ್ಕಳನ್ನು ಆಯಾಳ ಕೈಗೆ ಬಿಟ್ಟು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

"ಒಂದು ಕಡೆಯಾದರೂ ಗಾಳಿ ಸೋರದಂತಾಯಿತು" ಎಂದು ಬರೆದ ಈ ಕೈಯನ್ನು ಏನು ಮಾಡಲಿ? ಆ ಮಾತು ಕೇಳಿದ ದಿನ ಕಾಗದಕ್ಕೆ ಕೂರುವ ಬದಲು ಫೋನ್ ಮಾಡಿ ನಕ್ಕು ಹೇಳಿದ್ದರೂ ಸಾಕಿತ್ತು. ಗುಟ್ಟು ಗುಟ್ಟು ಎಂದು ನಾವಿಬ್ಬರೂ ಕುಣಿದದ್ದು ಹೀಗೆ ಬಂದು ನಿಂತಿತು.

ಅತ್ತೆಗೆ ಹೇಳಿಲ್ಲ. ಆದರೆ ಹೇಳದಿರುವುದೂ ದೊಡ್ಡ ಕಷ್ಟವಾಗಿದೆ. ಗಂಗಾವತಿಯಿಂದ ಗಟ್ಟಿ ಕರಿ ದಾರದ ಉಂಡೆ ತರಿಸಿಟ್ಟುಕೊಂಡಿದ್ದಾರೆ. "ಈ ಸಲ ಬರೂಮುಂದ ಕೋಟು ತಾ ಅನ್ನು, ಬಲಗಡೇದು ಹೊಲಿದು ಕೊಡ್ತೀನಿ" ಎಂದು ದಿನವೂ ನೆನಪಿಸುತ್ತಾರೆ. ನಾನು ಹೂಂ ಅನ್ನುತ್ತೇನೆ. ಅವರ ಮುಖ ನೋಡಲಾಗುವುದಿಲ್ಲ. ತನ್ನ ಸೂಜಿಯಿಂದ ಮಗಳು ಸಾಯುತ್ತಿದ್ದಳು ಎಂದು ಗೊತ್ತಾದರೆ ಆ ಜೀವ ಮತ್ತೆ ಸೂಜಿ ಹಿಡಿಯುತ್ತದೆಯೇ? ಗೊತ್ತಾಗದಿದ್ದರೆ ಇನ್ನೊಂದು ಕಡೆಯನ್ನೂ ಹೊಲಿಯುತ್ತದೆ. ನನಗೆ ಎರಡೂ ಕಡೆ ಭಯ.

ಲಾಂಬಾ ಸರ್ ವಿಷಯದಲ್ಲಿ ನನ್ನನ್ನು ಕೇಳುತ್ತೀಯಲ್ಲ, ಸಲಹೆ ಕೊಡಲು ನನಗೆ ಯಾವ ಯೋಗ್ಯತೆ ಇದೆ? ನೀನು ಜೀವಂತ ಇದ್ದೀ. ಇವತ್ತಿಗೆ ನನಗೆ ಅಷ್ಟೇ ಸಾಕು.

ಕವಿತಾ


ಹರಿಯಾಣ
12 ಫೆಬ್ರವರಿ 2025

ಅತ್ತಿಗೆ,

ಹೇಳಿದೆ. ಬಿಡಿಸಿದ ದಾರವನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ಲಾಂಬಾ ಸರ್ ಮುಂದೆ ನಿಂತೆ. ಅವರು ಆ ದಾರವನ್ನು ಕೈಗೆ ತೆಗೆದುಕೊಂಡು ನೋಡಿದರು. "ಎಡ ರೆಕ್ಕೆ ಬಡಿದುಕೊಳ್ಳುವುದನ್ನು ನಾನೂ ನೋಡಿದೆ, ಕೈ ಸಡಿಲ ಅಂದುಕೊಂಡೆ. ಬಟ್ಟೆ ಮುಟ್ಟಿ ನೋಡಲಿಲ್ಲ. ಇದರಲ್ಲಿ ನನ್ನದೂ ಪಾಲಿದೆ" ಎಂದರು. ಆಮೇಲೆ ನನಗೂ ಚೆನ್ನಾಗಿ ಬೈಗುಳ ಬಿತ್ತು. ಒಂದು ತಿಂಗಳು ನಾನು ಮಡಿಚಿದ ಪ್ರತಿ ಪ್ಯಾರಾಶೂಟನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ತಲೆ ತಗ್ಗಿಸಿ ಒಪ್ಪಿಕೊಂಡೆ. ಕೋರ್ಸಿಗೆ ಮಾತ್ರ ವಾಪಸು ಸೇರಿಸಿಕೊಂಡರು.

ಈಗ ಕೇಳಿ ನನ್ನ ಹಣೆಬರಹ. ಎರಡೂ ಬಾಯಿ ತೆರೆದುಕೊಂಡು ಹಾರಿದರೆ ನಾನು ಬಲಕ್ಕೆ ತಿರುಗಿದೆ! ಮೈಗೆ ಬಲಕ್ಕೆ ವಾಲುವ ಚಾಳಿ ಬಿದ್ದುಬಿಟ್ಟಿದೆ. ಇಲ್ಲದ ಎಳೆತಕ್ಕೆ ಇನ್ನೂ ಎದುರು ಎಳೆಯುತ್ತಿದ್ದೆ. ಮತ್ತೆ ಬೆಂಚು, ಮತ್ತೆ ಕನ್ನಡಿ. ಏನೂ ಮಾಡಬೇಡ, ಸುಮ್ಮನೆ ರೆಕ್ಕೆಯ ಮೇಲೆ ಮಲಗಿಕೋ ಎಂದರು ಸರ್. ಏನೂ ಮಾಡದಿರುವುದು ಇಷ್ಟು ಕಷ್ಟ ಎಂದು ಯಾರಿಗೆ ಗೊತ್ತಿತ್ತು? ನಿನ್ನೆಯ ಹಾರಾಟದಲ್ಲಿ ಕೊನೆಗೂ ಸುಮ್ಮನಾದೆ. ಎರಡೂ ತೋಳು ಒಟ್ಟಿಗೆ ಉಬ್ಬಿದವು. ಸಾಸಿವೆ ಹೊಲಗಳ ಮೇಲೆ ನೇರವಾಗಿ, ಸರ್ ಪಕ್ಕದಲ್ಲೇ, ಹೋದೆ ಅತ್ತಿಗೆ.

ಇಳಿದ ಮೇಲೆ ತಂಡಕ್ಕೆ ಸೇರಿಸಿಕೊಳ್ಳುತ್ತೇನೆ ಎಂದರು. ಒಂದು ಷರತ್ತು ಹಾಕಿದರು. "ಮನೆಯವರಿಗೆ ಗೊತ್ತಿಲ್ಲದೆ ನಿನ್ನನ್ನು ಇನ್ನು ವಿಮಾನ ಹತ್ತಿಸುವುದಿಲ್ಲ. ಅವರು ಒಪ್ಪಬೇಕೆಂದಿಲ್ಲ, ಅವರಿಗೆ ಗೊತ್ತಿರಬೇಕು. ನಿನ್ನ ತಾಯಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ" ಎಂದರು. ನಾನು ಅವ್ವನಿಗೆ ಬರೆದ ಹಾಳೆ ಇದರ ಜೊತೆ ಇದೆ. ನೀವೇ ಓದಿ ಹೇಳಬೇಕು. ಫೋನಿನಲ್ಲಾದರೆ ಅವಳು ಒಂದು ಸಲ "ಯವ್ವಾ" ಎಂದರೆ ನಾನು ಮತ್ತೊಂದು ಸುಳ್ಳು ಹೇಳಿಬಿಡುತ್ತೇನೆ. ಹಾರಬೇಡ ಎಂದರೆ ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ.

ಸುರೇಖಾ

ಅವ್ವಾ,
ಅದು ಚಳಿ ಕೋಟು ಅಲ್ಲ. ನಾ ನಿನಗ ಸುಳ್ಳು ಹೇಳಿದ್ದೆ. ನಾ ಪ್ಯಾರಾಶೂಟ್ ಬರೇ ಮಡಚೂದಿಲ್ಲ, ಕಟ್ಟಿಕೊಂಡು ವಿಮಾನದಾಗಿಂದ ಜಿಗೀತೀನಿ. ಆ ಕೋಟು ಹಾಕ್ಕೊಂಡ್ರ ಹಾರಾಕ ಬರತೈತಿ. ನೀ ಹೊಲಿದ ಬಾಯಾಗ ಗಾಳಿ ಹೋಗಬೇಕಿತ್ತು. ಹೋಗಲಿಲ್ಲ, ಅದಕ್ಕ ನಾ ತಿರುಗಿ ಬಿದ್ದೆ. ಪ್ಯಾರಾಶೂಟ್ ಬಿಚ್ಚಿ ಉಳಕೊಂಡೆ. ಈಗ ಆರಾಮ ಅದೀನಿ, ಒಂದು ಗಾಯಾನೂ ಇಲ್ಲ. ಹೊಲಿಗಿ ಬಿಚ್ಚೀನಿ. ತಪ್ಪು ನಿಂದಲ್ಲವ್ವಾ. ನನಗ ಹಾರೂದಂದ್ರ ಭಾಳ ಇಷ್ಟ. ಬ್ಯಾಡ ಅನಬ್ಯಾಡ.
ನಿನ್ನ ಸುರೇಖಾ


ಗಿಣಿಗೇರಾ
23 ಫೆಬ್ರವರಿ 2025

ಸುರೇಖಾ,

ಇದನ್ನು ಅಂಗನವಾಡಿಯಲ್ಲಿ ಕದ್ದು ಬರೆಯುತ್ತಿಲ್ಲ, ಮನೆಯ ಅಂಗಳದಲ್ಲೇ ಕೂತು ಬರೆಯುತ್ತಿದ್ದೇನೆ.

ನಿಮ್ಮಣ್ಣ ಕಾರ್ಖಾನೆಗೆ ಹೋದ ಮೇಲೆ ಅತ್ತೆಯ ಎದುರು ಕೂತು ನಿನ್ನ ಹಾಳೆ ಓದಿದೆ. ಅವರು ಹೊಸ ಕೌದಿಗೆ ಸೀರೆ ಜೋಡಿಸುತ್ತಿದ್ದರು. "ತಿರುಗಿ ಬಿದ್ದೆ" ಎನ್ನುವಲ್ಲಿ ಅವರು ಕೈ ನಿಲ್ಲಿಸಿ "ಮತ್ತೊಮ್ಮೆ ಓದು" ಎಂದರು. ಮತ್ತೊಮ್ಮೆ ಓದಿದೆ.

"ಎಷ್ಟು ಎತ್ತರದಾಗಿಂದ ಜಿಗೀತಾಳ?"

"ಕೊಪ್ಪಳದ ಕೋಟೆ ಗುಡ್ಡಕ್ಕಿಂತ ಭಾಳ ಮ್ಯಾಲಿಂದ್ರಿ ಅತ್ತಿ."

"ನಿನಗ ಗೊತ್ತಿತ್ತೇನು?"

ಹೂಂ ಎಂದೆ. ಅವರು ನನ್ನನ್ನು ಬಯ್ಯಲಿಲ್ಲ. ಎದ್ದು ಒಳಗೆ ಹೋದರು, ನೀರು ಕುಡಿದರು, ಬಂದು ಅದೇ ಜಾಗದಲ್ಲಿ ಕೂತರು. ಆ ಕರಿ ದಾರದ ಉಂಡೆ ಪಕ್ಕದಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಎದೆ ಬಡಿದುಕೊಂಡು ಅಳುತ್ತಾರೆ ಎಂದು ನಾನು ಎದುರು ನೋಡುತ್ತಿದ್ದೆ. ಸಂಜೆಯವರೆಗೆ ಅವೇ ಸೀರೆಗಳನ್ನು ಜೋಡಿಸುವುದು, ಬಿಡಿಸುವುದು ಮಾಡುತ್ತಿದ್ದರು. ನನಗೆ ಬೇರೆಯೇ ಹೆದರಿಕೆ ಹತ್ತಿತು.

ಅಷ್ಟರಲ್ಲಿ ಲಾಂಬಾ ಸರ್ ಫೋನ್ ಬಂತು. ಅವರ ಹಿಂದಿಯನ್ನು ನಾನು ಕನ್ನಡ ಮಾಡಿ ಹೇಳಿದೆ, ಮಗಳು ಹಾರುವುದು ನಿಮಗೆ ಗೊತ್ತೇ ಎಂದು ಕೇಳುತ್ತಿದ್ದಾರೆ ಎಂದೆ. "ಗೊತ್ತೈತಿ ಅನ್ನು" ಎಂದರು. ಅಷ್ಟೇ. ಬೇಡ ಅನ್ನಲಿಲ್ಲ, ಹಾರಲಿ ಎಂದೂ ಅನ್ನಲಿಲ್ಲ. ಅದರ ಅರ್ಥ ಏನೆಂದು ನನ್ನನ್ನು ಕೇಳಬೇಡ.

ಆಮೇಲೆ ನಾನು ದೀಪ ಹಚ್ಚಲು ಎದ್ದಾಗ ಸೆರಗು ಹಿಡಿದು ಕೂರಿಸಿದರು. ಕಣ್ಣು ತುಂಬಿತ್ತು. "ಆಕಿ ಚಳಿ ಅಂದ್ಲು ಕವಿತಾ. ಅದಕ್ಕ ನಾ ಚಳಿಗೆ ಹೊಲಿದೆ. ಹಾರ್ತೀನಿ ಅಂದಿದ್ರ, ಹಾರಾಕ ಹೊಲೀತಿದ್ನಲ್ಲ" ಎಂದರು.

ಭಾನುವಾರ ನೀನೇ ಫೋನ್ ಮಾಡು. ನಾನು ಎತ್ತುವುದಿಲ್ಲ, ಅವರೇ ಎತ್ತಲಿ.

ಕವಿತಾ